ಶುಕ್ರವಾರದೊಳಗೆ, ಶುಕ್ರವಾರದವರೆಗೆ: ಆಫೀಸ್ ಶಿಫ್ಟಿಂಗ್‌ಗೆ ನಾನು ಕಲಿತ ಇಂಗ್ಲಿಷ್

ನಾನು ಓದಿದ್ದು ಕನ್ನಡ ಮೀಡಿಯಂನಲ್ಲಿ. ಬೆಂಗಳೂರಿಗೆ ಬಂದು ಅಡ್ಮಿನ್ ಕೆಲಸಕ್ಕೆ ಸೇರಿದ ಮೇಲೆ ದಿನದ ಇಂಗ್ಲಿಷ್ ಹೇಗೋ ನಡೆದುಹೋಗುತ್ತಿತ್ತು. ಆದರೆ ನಮ್ಮ ಆಫೀಸನ್ನು ಜಯನಗರದಿಂದ ವೈಟ್‌ಫೀಲ್ಡ್ ಕಡೆಗೆ ಸಾಗಿಸುವ ಜವಾಬ್ದಾರಿ ಬಂದಾಗ ಅಷ್ಟು ಸಾಲಲಿಲ್ಲ. ಹಳೇ ಕಟ್ಟಡದ ಓನರ್, ಹೊಸ ಕಟ್ಟಡದ ಮ್ಯಾನೇಜರ್, ಪ್ಯಾಕರ್ಸ್, ಇಂಟರ್ನೆಟ್‌ನವರು, ಹೊರದೇಶದ ಟೀಮ್. ಇಷ್ಟೂ ಜನಕ್ಕೆ ಮೇಲ್ ಹೋಗಬೇಕು, ಎಲ್ಲಾ ಇಂಗ್ಲಿಷಿನಲ್ಲೇ.

ಮೊದಲು ಅಕೌಂಟ್ಸ್‌ನವರನ್ನು ಮಾತ್ರ ಕಳಿಸುವುದು ಅಂತ ಇತ್ತು. ಅವರಿಗೆ ನಾನು ಬರೆದ ಸಾಲು ಇದು: 'ಪ್ಲೀಸ್ ಪ್ಯಾಕ್ ಯುವರ್ ಡೆಸ್ಕ್ ಅನ್‌ಟಿಲ್ ಫ್ರೈಡೇ 4 ಪಿಎಂ.' ಶುಕ್ರವಾರ ನಾಲ್ಕಕ್ಕೆ ಸರಿಯಾಗಿ ಲೋಡಿಂಗ್ ಹುಡುಗರು ಬಂದರು. ಅರ್ಧ ಜನ ಇನ್ನೂ ಡ್ರಾಯರ್ ಖಾಲಿ ಮಾಡುತ್ತಿದ್ದರು. ಒಬ್ಬರ ಮೇಜಿನ ಮೇಲೆ ಮಾನಿಟರ್, ಫೈಲು, ದೇವರ ಫೋಟೋ ಎಲ್ಲಾ ಹಾಗೇ ಇತ್ತು. "ನಾಲ್ಕರವರೆಗೆ ಟೈಮ್ ಇದೆ ಅಂತ ನೀವೇ ಬರೆದಿದ್ರಲ್ಲಾ?" ಅಂದರು. ಅವರದ್ದು ತಪ್ಪಿಲ್ಲ. ನಾನು ಬರೆದದ್ದರ ಅರ್ಥ ಅದೇ.

ಅವತ್ತು ರಾತ್ರಿ ಕೂತು ಯೋಚಿಸಿದೆ. ಕನ್ನಡದಲ್ಲಿ ನಾನು ಯಾವತ್ತೂ ಈ ತಪ್ಪು ಮಾಡುವುದಿಲ್ಲ. 'ಶುಕ್ರವಾರದೊಳಗೆ ಮುಗಿಸಿ' ಬೇರೆ, 'ಶುಕ್ರವಾರದವರೆಗೆ ಇರಿ' ಬೇರೆ. ಇಂಗ್ಲಿಷಿನಲ್ಲಿ ಮಾತ್ರ ಎರಡಕ್ಕೂ ಅನ್‌ಟಿಲ್ ಹಾಕುವ ಅಭ್ಯಾಸ ಆಗಿಬಿಟ್ಟಿತ್ತು. ಆಮೇಲಿಂದ ತಾರೀಕು ಬರೆಯುವ ಮೊದಲು ಆ ಸಾಲನ್ನು ಮನಸ್ಸಲ್ಲೇ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. 'ಒಳಗೆ' ಬಂದರೆ ಇಂಗ್ಲಿಷಿನ 'ಬೈ' (by). 'ವರೆಗೆ' ಬಂದರೆ ಅನ್‌ಟಿಲ್. ಕ್ರೇಟ್ ತುಂಬುವುದು ಬೈ ಫ್ರೈಡೇ. ಹಳೇ ಆಫೀಸಿನ ಕ್ಯಾಂಟೀನ್ ನಡೆಯುವುದು ಅನ್‌ಟಿಲ್ ಫ್ರೈಡೇ. ಉಳಿದ ಟೀಮ್‌ಗಳಿಗೆ ಹೀಗೇ ಬರೆದೆ, ಯಾರೂ ಬಂದು ಕೇಳಲಿಲ್ಲ.

ಇನ್ನೊಂದು ಪಾಠ ಹೊಸ ಕಟ್ಟಡದ ಮ್ಯಾನೇಜರ್ ಅವರಿಂದ ಸಿಕ್ಕಿತು. 'ಸೆಂಡ್ ದ ಗೂಡ್ಸ್ ಲಿಫ್ಟ್ ಟೈಮಿಂಗ್ಸ್ ಟುಡೇ' ಅಂತ ಮೇಲ್ ಹಾಕಿದ್ದೆ. ಹತ್ತೇ ನಿಮಿಷಕ್ಕೆ ಫೋನ್ ಬಂತು. "ಏನ್ರೀ, ಆರ್ಡರ್ ಮಾಡ್ತಿದ್ದೀರಾ?" ನನ್ನ ತಲೆಯಲ್ಲಿದ್ದದ್ದು 'ಕಳಿಸಿ' ಅನ್ನೋ ಮಾತು. ಕನ್ನಡದ 'ಕಳಿಸಿ'ಯಲ್ಲಿ ಮರ್ಯಾದೆ ಸೇರಿಕೊಂಡೇ ಇರುತ್ತೆ, ಅದು 'ಕಳಿಸು' ಅಲ್ಲವಲ್ಲ. ಇಂಗ್ಲಿಷಿನ ಸೆಂಡ್‌ಗೆ ಆ ಭೇದ ಇಲ್ಲ, ಮರ್ಯಾದೆಯನ್ನು ಹೊರಗಿನಿಂದ ತಂದು ಸೇರಿಸಬೇಕು. 'ಕುಡ್ ಯು ಪ್ಲೀಸ್ ಸೆಂಡ್' ಅಂತ ಬದಲಾಯಿಸಿಕೊಂಡೆ. ಮುಂದೆ ಆ ಸರ್ ನಮಗೆ ತುಂಬಾ ಸಹಾಯ ಮಾಡಿದರು.

ಹೊರದೇಶದವರ ಜೊತೆ ಬೇರೆ ತೊಡಕು. ನಮಗೆ ಶಿಫ್ಟಿಂಗ್ ಅಂದರೆ ಸಾಕು. ಅವರಿಗೆ ಅದು ರಾತ್ರಿ ಪಾಳಿಯ ವಿಷಯ ಅನಿಸಿತಂತೆ. 'ಆಫೀಸ್ ಮೂವ್' ಅಂದ ಮೇಲೆ ಸರಿಹೋಯಿತು. ಗೊತ್ತುಮಾಡಿದ ದಿನವನ್ನು ಇನ್ನೂ ಬೇಗ ಇಟ್ಟುಕೊಳ್ಳುವುದಕ್ಕೆ ಹೇಳುವ ಪ್ರೀಪೋನ್ ಅನ್ನೋ ಪದವೂ ಅಷ್ಟೆ, ಇಲ್ಲಿ ಎಲ್ಲರಿಗೂ ಗೊತ್ತು, ಅವರಿಗೆ ಗೊತ್ತಿರಲಿಲ್ಲ. 'ಬ್ರಿಂಗ್ ಫಾರ್ವರ್ಡ್' ಅಂತ ಬಳಸಿದೆ. ತಾರೀಕನ್ನಂತೂ 05/06 ಅಂತ ಬರೆಯಲೇಬಾರದು. ನಮಗದು ಜೂನ್ 5, ಅಮೆರಿಕದವರಿಗೆ ಮೇ 6. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದುಬಿಡಿ.

ಫೋನಿನಲ್ಲಿ ನನಗೆ ಜಾಸ್ತಿ ಧೈರ್ಯ ಕೊಟ್ಟಿದ್ದು ಒಂದೇ ಸಾಲು: 'ಲೆಟ್ ಮಿ ರೀಡ್ ದಟ್ ಬ್ಯಾಕ್ ಟು ಯು.' ಅವರು ಹೇಳಿದ್ದನ್ನು ಬರೆದುಕೊಂಡು ಅವರಿಗೇ ಓದಿ ಹೇಳುವುದು. ಹೊಸ ಕಟ್ಟಡದ ಮ್ಯಾನೇಜರ್ ಗೂಡ್ಸ್ ಲಿಫ್ಟ್ 'ಶನಿವಾರ ರಾತ್ರಿ ಹನ್ನೆರಡಕ್ಕೆ' ಅಂದಿದ್ದರು. ಓದಿ ಹೇಳಿದಾಗ ಗೊತ್ತಾಯಿತು, ಅವರ ಪುಸ್ತಕದಲ್ಲಿ ಅದು ಶುಕ್ರವಾರ ಕಳೆದು ಶನಿವಾರ ಶುರುವಾಗುವ ಹನ್ನೆರಡು. ನಮ್ಮ ಲಾರಿ ಬರುವುದು ಅದರ ಮಾರನೇ ರಾತ್ರಿ! ಸುಮ್ನೆ 'ಓಕೆ ಸರ್' ಅಂದು ಫೋನ್ ಇಟ್ಟಿದ್ದರೆ ಲಾರಿ ಕೆಳಗೆ ನಿಂತಿರುತ್ತಿತ್ತು, ಲಿಫ್ಟ್ ಸಿಗುತ್ತಿರಲಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಸ್ನ್ಯಾಗ್ ಲಿಸ್ಟ್ ಅನ್ನೋ ಪದ ಬಂತು. ಹೊಸ ಜಾಗದಲ್ಲಿ ಉಳಿದ ಸಣ್ಣಪುಟ್ಟ ಕೊರತೆಗಳ ಪಟ್ಟಿ. 'ಎಸಿ ನಾಟ್ ಗುಡ್' ಅಂತ ಬರೆದದ್ದಕ್ಕೆ ಒಂದು ವಾರ ಯಾರೂ ಬರಲಿಲ್ಲ. 'ಸಣ್ಣ ಮೀಟಿಂಗ್ ರೂಮಿನ ಎಸಿಯಿಂದ ಬಾಗಿಲ ಹತ್ತಿರದ ಕಾರ್ಪೆಟ್ ಮೇಲೆ ನೀರು ತೊಟ್ಟಿಕ್ಕುತ್ತಿದೆ' ಅಂತ ಇಂಗ್ಲಿಷಿನಲ್ಲಿ ಬರೆದು, ಡ್ರಿಪ್ಪಿಂಗ್ ಅನ್ನೋ ಪದ ಹುಡುಕಿ ಹಾಕಿದೆ. ಮಾರನೇ ದಿನವೇ ಪೈಪ್ ಹಿಡಿದುಕೊಂಡು ಬಂದರು. ಎಲ್ಲಿ, ಏನು, ಯಾರು ಮಾಡಬೇಕು, ಯಾವಾಗಿನೊಳಗೆ. ಇಷ್ಟಿದ್ದರೆ ವ್ಯಾಕರಣ ಸ್ವಲ್ಪ ತಪ್ಪಿದರೂ ಕೆಲಸ ಆಗುತ್ತೆ.

ಮೆಟ್ರೋ ದಾರಿ ತಿಳಿಸುವ ಮೇಲ್ ಸುಲಭವಾಗಿತ್ತು. ಜಯನಗರದಿಂದ ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ನೇರಳೆ ಮಾರ್ಗ, ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುವುದು. ಕ್ರೇಟ್‌ಗಳ ಮೇಲಿನ ಚೀಟಿಯನ್ನು ಮಾತ್ರ ನಾನು ಹಟ ಮಾಡಿ ಕನ್ನಡದಲ್ಲೂ ಬರೆಸಿದೆ. ಹೊರುವವರು ಓದುವಂತಿರಬೇಕು, ಅಲ್ವಾ? 'ಒಡೆಯುವ ಸಾಮಾನು, ಮೂರನೇ ಮಹಡಿ, ಕಿಟಕಿ ಪಕ್ಕ.' ಒಂದು ಲೋಟವೂ ಒಡೆಯಲಿಲ್ಲ.

ಕೊನೆಗೆ ಉಳಿದದ್ದು ಜಿಎಸ್‌ಟಿ ವಿಳಾಸ. ಬದಲಾದ 15 ದಿನದೊಳಗೆ ತಿದ್ದುಪಡಿಗೆ ಅರ್ಜಿ ಹಾಕಬೇಕು. ನಮ್ಮ ಆಡಿಟರ್‌ಗೆ ಮೇಲ್ ಬರೆಯುವಾಗ 'ವಿದಿನ್ 15 ಡೇಸ್' ಅಂತ ಹಾಕಿದೆ. ಕೊನೇ ತಾರೀಕನ್ನು ಎಣಿಸಿ, ಬೈ ಸೇರಿಸಿ, ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ಕಳಿಸಿದೆ.