ಮಂಡಿಯಿಂದ ಕಲಿತ ರುಂಬಾ

ರುಂಬಾ ಅಂದರೆ ಸೊಂಟ ಕುಣಿಸುವ ನೃತ್ಯ ಅಂತಲೇ ಹಲವರ ಎಣಿಕೆ. ಸೊಂಟವನ್ನು ಬೇಕೆಂದೇ ಅಲ್ಲಾಡಿಸಿದರೆ ರುಂಬಾ ಒಲಿಯುವುದಿಲ್ಲ ಅನ್ನುವುದು ನನ್ನ ಅನುಭವ. ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿ ಹೋಗಬೇಕು. ಆಗ ಸೊಂಟ ತಾನಾಗಿಯೇ ಅದನ್ನು ಹಿಂಬಾಲಿಸುತ್ತದೆ.

ಚಿಕ್ಕಂದಿನಿಂದ ಭರತನಾಟ್ಯ ಮಾಡಿದವಳು ನಾನು. ಲಂಡನ್ನಿಗೆ ಬಂದಮೇಲೆ ಬಾಲ್‌ರೂಮ್, ಅಂದರೆ ಜೋಡಿ ನೃತ್ಯದ ಕ್ಲಾಸಿಗೆ ಸೇರಿದೆ. ಮೊದಲು ಹೇಳಿಕೊಟ್ಟಿದ್ದು ಅಮೆರಿಕನ್ ಶೈಲಿಯ ಬಾಕ್ಸ್ ಸ್ಟೆಪ್: ಒಂದು ನಿಧಾನದ ಹೆಜ್ಜೆ, ಎರಡು ಚುರುಕಿನವು, ನೆಲದ ಮೇಲೆ ಚೌಕ ಬರೆದ ಹಾಗೆ. ಪಾರ್ಟಿಯಲ್ಲಿ ಕುಣಿಯಲು ಅಷ್ಟು ಧಾರಾಳ ಸಾಕು.

ಇಂಟರ್‌ನ್ಯಾಷನಲ್ ಶೈಲಿ ಬೇರೆಯೇ ಕಥೆ. ಲಂಡನ್ನಿನ ನೃತ್ಯಗುರು ಮಸ್ಯೂರ್ ಪಿಯರ್ 1947ರಲ್ಲಿ ಕ್ಯೂಬಾಕ್ಕೆ ಹೋಗಿ, ಅಲ್ಲಿನವರು ಎರಡನೇ ಬೀಟಿಗೆ ಹೆಜ್ಜೆ ಹಾಕುವುದನ್ನು ಕಂಡು ಬಂದು ಕಟ್ಟಿದ ಕ್ರಮ ಇದು. ಒಂದನೇ ಬೀಟಿಗೆ ಹೆಜ್ಜೆಯೇ ಇಲ್ಲ. ಜೋಡಿಯಲ್ಲಿ ಹೆಂಗಸಿನ ಹೆಜ್ಜೆ ಹೀಗೆ: ಎರಡಕ್ಕೆ ಬಲಗಾಲು ಹಿಂದೆ, ಮೂರಕ್ಕೆ ಭಾರ ಮತ್ತೆ ಎಡಗಾಲಿಗೆ, ನಾಲ್ಕಕ್ಕೆ ಬಲಗಾಲು ಪಕ್ಕಕ್ಕೆ. ಒಂದು ಬಂದಾಗ ಅದೇ ಕಾಲಿನ ಮೇಲೆ ಮೈ ನಿಧಾನವಾಗಿ ಕೂರುತ್ತದೆ. ಮುಂದಿನ ಸುತ್ತಿಗೆ ಎಡಗಾಲು ಮುಂದೆ, ಉಳಿದದ್ದೆಲ್ಲ ಹಾಗೆಯೇ. ಜೊತೆಗಾರನದು ಇದರ ತಿರುವುಮುರುವು.

ಪಾದದ ಮುಂಭಾಗ ಮೊದಲು ನೆಲಕ್ಕೆ ಒತ್ತಬೇಕು, ಆಮೇಲೆ ಹಿಮ್ಮಡಿ. ಭಾರ ಹೊತ್ತ ಕಾಲು ನೇರ, ಭಾರ ಇಳಿದ ಕಾಲಿನ ಮಂಡಿ ಸಡಿಲ. ಮಂಡಿ ಬಾಗಿಸಿ ನಿಲ್ಲುವ ಭರತನಾಟ್ಯದ ಅರೆಮಂಡಿಗೆ ಒಗ್ಗಿದ ಕಾಲಿಗೆ ಈ ನೇರವೇ ಕಷ್ಟ. ಅಡುಗೆಮನೆ ಕಟ್ಟೆ ಹಿಡಿದುಕೊಂಡು, ಹಾಡು ಹಾಕದೆ, ಬರೀ ಭಾರ ಬದಲಿಸುವುದನ್ನೇ ಅಭ್ಯಾಸ ಮಾಡಿದೆ. ಹಾಡಿನ ವೇಗ ನಿಮಿಷಕ್ಕೆ 25ರಿಂದ 27 ಬಾರ್ (ನಾಲ್ಕು ಬೀಟಿನ ಸುತ್ತು) ಅಷ್ಟೇ. ಇಷ್ಟು ನಿಧಾನದಲ್ಲಿ ಅರೆಬರೆ ಹೆಜ್ಜೆ ಎದ್ದು ಕಾಣುತ್ತದೆ.

ಇಷ್ಟು ಕಲಿತಮೇಲೆ ಕ್ಯೂಬಾದ ಮೂಲ ರುಂಬಾ ನೋಡಿದೆ, ಮನಸ್ಸು ಅಲ್ಲಿಗೇ ಹೋಯಿತು. ಹವಾನಾ, ಮಟಾಂಜಾಸ್‌ಗಳ ಬಡ ಆಫ್ರೋ-ಕ್ಯೂಬನ್ ವಠಾರಗಳಲ್ಲಿ, ಬಂದರುಗಳಲ್ಲಿ ಬೆಳೆದದ್ದು ಅದು. 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಬಾಲ್‌ರೂಮ್ ರುಂಬಾಕ್ಕೆ ಅದರ ಹೆಸರಿದೆ, ನಡೆ ಮಾತ್ರ ಬಹುಪಾಲು ಬೊಲೆರೋ ಮತ್ತು ಸೋನ್ ಎಂಬ ಕ್ಯೂಬಾದ ಬೇರೆ ಸಂಗೀತ-ನೃತ್ಯಗಳಿಂದ ಬಂದದ್ದು. ಮೂಲದಲ್ಲಿ ಮಂಡಿ ಬಾಗಿಯೇ ಇರುತ್ತದೆ, ಮೈ ಸ್ವಲ್ಪ ಮುಂದಕ್ಕೆ, ಭುಜ ಸಡಿಲ. ನನ್ನ ಕಾಲಿಗೆ ಹಳೆಯ ನೆಲ ಸಿಕ್ಕಿತು!

ಅದರಲ್ಲೂ ಮೂರು ಬಗೆ. ಯಾಂಬು ನಿಧಾನದ್ದು, ವಯಸ್ಸಾದವರ ನಡಿಗೆಯ ಗತ್ತು. ಗ್ವಾಗ್ವಾಂಕೋದಲ್ಲಿ ಗಂಡಸು ಕೈಯಿಂದಲೋ ಕಾಲಿಂದಲೋ ಸೊಂಟದಿಂದಲೋ ಥಟ್ಟನೆ 'ವಕುನಾವ್', ಅಂದರೆ ಹೆಂಗಸನ್ನು ಗೆಲ್ಲಲು ಹವಣಿಸುವ ಸನ್ನೆ, ಎಸೆಯುತ್ತಾನೆ, ಹೆಂಗಸು ಲಂಗದ ಅಂಚನ್ನೋ ಕೈಯನ್ನೋ ಅಡ್ಡ ತಂದು ತಪ್ಪಿಸಿಕೊಳ್ಳುತ್ತಾಳೆ. ಹೆಜ್ಜೆ ಸರಳ: ಒಂದು ಕಾಲು ಪಕ್ಕಕ್ಕೆ ಹೋಗಿ ವಾಪಸ್ಸು, ಆಮೇಲೆ ಇನ್ನೊಂದು. ಕಣ್ಣು ಮಾತ್ರ ಅವನ ಮೇಲೇ ಇರಬೇಕು.

ಹೆಜ್ಜೆಗಿಂತ ಮೊದಲು ಕ್ಲಾವೆ, ಅಂದರೆ ಇಡೀ ಹಾಡನ್ನು ಹಿಡಿದಿಡುವ ಐದು ಏಟಿನ ಲಯ, ಕಲಿಯಿರಿ. ಹದಿನಾರು ಎಣಿಸುತ್ತಾ 1, 4, 8, 11, 13ಕ್ಕೆ ಚಪ್ಪಾಳೆ ತಟ್ಟಿ. ಆದಿತಾಳ ಹಾಕಿ ಬೆಳೆದವರಿಗೆ ಎಂಟು ಅಕ್ಷರವನ್ನು ಎರಡೆರಡಾಗಿ ಒಡೆದರಾಯಿತು. ಆ 8ರ ಏಟನ್ನು 7ಕ್ಕೆ ತಟ್ಟಿದರೆ ಅದು ಸೋನ್ ಕ್ಲಾವೆ.

ರುಂಬಾದ ಮೂರನೆಯ ಬಗೆ ಕೊಲಂಬಿಯಾ, 6/8ರ ಲಯ. ಹೆಚ್ಚಾಗಿ ಗಂಡಸೊಬ್ಬನೇ ನಿಂತು ಕಿಂಟೋ ಎಂಬ ಎತ್ತರದ ದನಿಯ ಡ್ರಮ್ಮಿನವನಿಗೆ ಸವಾಲು ಹಾಕುತ್ತಾನೆ. ಈಗ ಹೆಂಗಸರೂ ಇಳಿದಿದ್ದಾರೆ. ನಾನು ಸದ್ಯಕ್ಕೆ ಅದರ ಲಯವನ್ನಷ್ಟೇ ಕೈಯಲ್ಲಿ ಹಾಕುತ್ತಿದ್ದೇನೆ, ಕಾಲಿಗೆ ಇನ್ನೂ ಕೊಟ್ಟಿಲ್ಲ.