ಅಂಗಡಿಗೆ ವೆಬ್‌ಸೈಟ್: ಮೊದಲು ಡೊಮೈನ್, ಆಮೇಲೆ ಪ್ಲಾಟ್‌ಫಾರ್ಮ್

ಸೈಟ್ ಕಟ್ಟುವ ಪ್ಲಾಟ್‌ಫಾರ್ಮ್ ವಿಕ್ಸಾ, ವರ್ಡ್‌ಪ್ರೆಸ್ಸಾ ಅನ್ನೋ ಮೊದಲು ಡೊಮೈನನ್ನು, ಅಂದರೆ ಸೈಟ್‌ನ ವಿಳಾಸವನ್ನು, ನಿಮ್ಮದೇ ಹೆಸರು, ನಿಮ್ಮದೇ ಇಮೇಲ್‌ನಲ್ಲಿ ಕೊಳ್ಳಿ. ಸೈಟ್ ಮಾಡಿಕೊಡುವವರ ಖಾತೆಯಲ್ಲಿದ್ದರೆ, ಅವರು ಫೋನ್ ಎತ್ತದ ದಿನ ಅಂಗಡಿ ಬೋರ್ಡೇ ಕೈತಪ್ಪಿದಂತೆ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್‌ನ (ಮ್ಯಾಪ್, ಸರ್ಚ್‌ನಲ್ಲಿ ಕಾಣುವ ಅಂಗಡಿ ವಿವರ) ಉಚಿತ ಸೈಟ್‌ಗಳನ್ನು ಮುಚ್ಚಿತು. ಸ್ವಂತ ಡೊಮೈನ್ ಇಲ್ಲದವರ ವಿಳಾಸವೇ ಹೋಯಿತು.

ದರಪಟ್ಟಿ, ಮ್ಯಾಪ್, ವಾಟ್ಸಾಪ್ ಬಟನ್ ಇಷ್ಟೇ ಬೇಕಾದರೆ ವಿಕ್ಸ್ ಸಾಕು. ಆದರೆ ಅಲ್ಲಿ ಕಟ್ಟಿದ್ದನ್ನು ಬೇರೆ ಹೋಸ್ಟಿಂಗ್‌ಗೆ (ಸೈಟ್ ಇಡುವ ಬಾಡಿಗೆ ಜಾಗ) ಒಯ್ಯಲಾಗದು, ಮತ್ತೆ ಮೊದಲಿಂದ ಕಟ್ಟಬೇಕು.

ಆನ್‌ಲೈನ್ ಮಾರಾಟ, ಸ್ಟಾಕ್ ಲೆಕ್ಕ ಇದ್ದರೆ ಶಾಪಿಫೈ ಸಲೀಸು. ಲೆಕ್ಕ ಹಾಕುವಾಗ ತಿಂಗಳ ಬಾಡಿಗೆ ಒಂದನ್ನೇ ನೋಡಬೇಡಿ: ಗ್ರಾಹಕರ ಹಣ ಆನ್‌ಲೈನ್‌ನಲ್ಲಿ ಪಡೆದು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಕಮಿಷನ್, ಅದರ ಮೇಲೆ ಶಾಪಿಫೈನದೇ ವಹಿವಾಟು ಶುಲ್ಕ. ಲಾಭಾಂಶ ಕಡಿಮೆ ಇರುವ ದಿನಸಿಗೆ ಇದು ಹೊರೆ.

ವರ್ಡ್‌ಪ್ರೆಸ್, ಅದಕ್ಕೆ ಮಾರಾಟದ ಸೌಲಭ್ಯ ಸೇರಿಸುವ ವೂಕಾಮರ್ಸ್, ಎರಡೂ ತಂತ್ರಾಂಶ ಉಚಿತ, ಹೋಸ್ಟಿಂಗ್‌ಗೆ ದುಡ್ಡು. ಮೊದಲ ವರ್ಷದ ಆಫರ್ ಬೆಲೆಗೆ ಮರುಳಾಗದೆ ನವೀಕರಣದ ದರ ಕೇಳಿ. ಪ್ಲಗಿನ್ (ವೂಕಾಮರ್ಸ್‌ನಂಥ ಸೇರ್ಪಡೆ ತಂತ್ರಾಂಶ) ಅಪ್‌ಡೇಟ್ ಮಾಡದಿದ್ದರೆ ಹ್ಯಾಕ್ ಆಗುವುದು ಇಲ್ಲೇ. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಹೋಸ್ಟಿಂಗ್‌ನ ಹೊರಗಿಡಿ. ಪುಕ್ಕಟೆ ಸಿಗುವ ಕ್ರ್ಯಾಕ್ ಥೀಮ್ (ದುಡ್ಡು ಕೊಟ್ಟು ಕೊಳ್ಳಬೇಕಾದ ಸಿದ್ಧ ವಿನ್ಯಾಸದ ಕಳ್ಳ ಪ್ರತಿ) ಮಾತ್ರ ಮುಟ್ಟಲೇಬೇಡಿ.