ಕಾರ್ಲೊ ಕತ್ತಾನೆಯೊ ಅವರ ಅನುಮಾನಗಳನ್ನು ಓದುವ ಕ್ರಮ

ಇಟಲಿಯ ಏಕೀಕರಣದ ಚರಿತ್ರೆ ಓದುವವರು ಮಿಲಾನಿನ ಚಿಂತಕ ಕಾರ್ಲೊ ಕತ್ತಾನೆಯೊ (1801–1869) ಅವರಿಗೆ 'ಏಕತೆಯ ವಿರೋಧಿ' ಎಂಬ ಹಣೆಪಟ್ಟಿ ಹಚ್ಚಿ ಮುಂದೆ ಸಾಗುವುದುಂಟು. ಅವರು ಅನುಮಾನಿಸಿದ್ದು ಒಂದಾಗುವುದನ್ನಲ್ಲ. ನಗರ, ಪ್ರಾಂತಗಳ ಸ್ವಾಧಿಕಾರವನ್ನು ಷರತ್ತಿಲ್ಲದೆ ಒಬ್ಬ ಅರಸನ ಕೈಗೆ ಒಪ್ಪಿಸುವುದನ್ನು.

ಮೊದಲು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: 1848ಕ್ಕೆ ಮುಂಚೆ, 1848, 1860. ಅವರ ಯಾವ ಮಾತು ಸಿಕ್ಕರೂ ಅದರ ಕಾಲದ ಅಂಕಣದಲ್ಲೇ ಇಡಿ. 1839ರಲ್ಲಿ 'ಇಲ್ ಪೊಲಿಟೆಕ್ನಿಕೊ' ಪತ್ರಿಕೆ ಆರಂಭಿಸಿದಾಗ ಅವರ ನಿರೀಕ್ಷೆ ಆಸ್ಟ್ರಿಯದ ಆಳ್ವಿಕೆಯೊಳಗಿನ ಸುಧಾರಣೆ. ಇದೊಂದನ್ನೇ ಕಿತ್ತು ತೋರಿಸಿದರೆ ಅವರು ಆಸ್ಟ್ರಿಯದ ಪಕ್ಷಪಾತಿಯಂತೆ ಕಾಣುತ್ತಾರೆ.

ಎರಡನೆಯ ಅಂಕಣಕ್ಕೆ ಹೆಚ್ಚು ಜಾಗ ಬಿಡಿ. 1848ರ ಮಾರ್ಚ್ 18ರಿಂದ 22ರವರೆಗೆ ಮಿಲಾನ್ ಆಸ್ಟ್ರಿಯದ ವಿರುದ್ಧ ದಂಗೆಯೆದ್ದಾಗ ಯುದ್ಧ ಸಮಿತಿಯ ಮುಂದಾಳು ಇವರೇ. ಆಸ್ಟ್ರಿಯದ ಸೇನಾಪತಿ ರಾಡೆಟ್ಸ್ಕಿ ಮುಂದಿಟ್ಟ ಕದನವಿರಾಮವನ್ನು ಒಪ್ಪದವರೂ ಇವರೇ. ಆದರೂ ನೆರೆಯ ಪೀಡ್ಮಾಂಟ್ ರಾಜ್ಯದ ಅರಸ ಕಾರ್ಲೊ ಆಲ್ಬೆರ್ಟೊನನ್ನು ಕರೆಸಲು ಹಿಂಜರಿದರು: ಜನ ಗೆದ್ದ ಯುದ್ಧ ರಾಜಮನೆತನದ ಯುದ್ಧವಾಗಿಬಿಡುತ್ತದೆ ಎಂಬ ಆತಂಕ. ಅರಸ ಯುದ್ಧ ಸಾರಿದ್ದು 23ರಂದು, ನಗರ ಬಿಡುಗಡೆಯಾದ ಮೇಲೆ. ಜುಲೈನಲ್ಲಿ ಕುಸ್ಟೋಜಾದಲ್ಲಿ ಅರಸನ ಸೋಲು, ಆಗಸ್ಟ್‌ನಲ್ಲಿ ಮಿಲಾನಿಗೆ ರಾಡೆಟ್ಸ್ಕಿಯ ಮರುಪ್ರವೇಶ. ಇಲ್ಲೇ ಓದುಗರು ಜಾರುವುದು. ಅರಸ ಸೋತನೆಂದ ಮಾತ್ರಕ್ಕೆ ಕತ್ತಾನೆಯೊ ಸರಿಯೆಂದು ಸಾಬೀತಾಗುವುದಿಲ್ಲ. ವೆರೋನಾ, ಮಾಂಟುವಾ, ಪೆಸ್ಕಿಯೆರಾ, ಲೆನ್ಯಾಗೊ ಎಂಬ ಆಸ್ಟ್ರಿಯದ ನಾಲ್ಕು ಕೋಟೆಗಳನ್ನು ನಾಗರಿಕ ಪಡೆಗಳಷ್ಟೇ ಹಿಡಿಯಬಲ್ಲವಾಗಿದ್ದವೇ? ಈ ಪ್ರಶ್ನೆಯನ್ನೂ ಪಕ್ಕದಲ್ಲಿ ಬರೆದಿಡಿ. ಅವರ ವಾದದ ದುರ್ಬಲ ಭಾಗ ಅದೇ ಎಂಬುದು ನಮ್ಮ ತೀರ್ಮಾನ.

1860ರಲ್ಲಿ ನೇಪಲ್ಸ್‌ಗೆ ಹೋಗಿ, ದಕ್ಷಿಣ ಇಟಲಿಯನ್ನು ಗೆದ್ದಿದ್ದ ದಂಡನಾಯಕ ಗ್ಯಾರಿಬಾಲ್ಡಿಗೆ ಅವರು ಹೇಳಿದ್ದು: ಮೊದಲು ಚುನಾಯಿತ ಸಭೆ, ಆಮೇಲೆ ಪೀಡ್ಮಾಂಟಿನ ಅರಸನ ರಾಜ್ಯದೊಂದಿಗೆ ವಿಲೀನ. ನಡೆದದ್ದು ಅಕ್ಟೋಬರ್ 21ರ ಜನಮತಗಣನೆ. ಫಲಿತಾಂಶಕ್ಕೂ ಮುಂಚೆ ಪ್ರಶ್ನೆಯನ್ನು ಓದಿ: ವಿಟ್ಟೋರಿಯೊ ಎಮಾನುವೇಲೆ (ಕಾರ್ಲೊ ಆಲ್ಬೆರ್ಟೊನ ಮಗ) ಅರಸನಾಗಿರುವ ಒಂದೇ, ಅವಿಭಾಜ್ಯ ಇಟಲಿ ಬೇಕೆ? ನೇಪಲ್ಸ್ ಪ್ರಾಂತಗಳಲ್ಲಿ ಹೌದು ಎಂದವರು ಸುಮಾರು 13 ಲಕ್ಷ, ಇಲ್ಲ ಎಂದವರು ಸುಮಾರು 10 ಸಾವಿರ. ಹೌದು, ಇಲ್ಲ ಚೀಟಿಗಳ ಪೆಟ್ಟಿಗೆಗಳು ಬೇರೆ ಬೇರೆ. ಯಾರು ಯಾವುದನ್ನು ಎತ್ತಿಕೊಂಡರೆಂದು ಎಲ್ಲರಿಗೂ ಕಾಣುತ್ತಿತ್ತು. 'ಷರತ್ತಿನ ಮೇಲೆ ಹೌದು' ಎನ್ನಲು ಚೀಟಿಯೇ ಇರಲಿಲ್ಲ. ಆದ್ದರಿಂದ ಈ ಅಂಕಿಗಳನ್ನು ಕತ್ತಾನೆಯೊಗೆ ಉತ್ತರವೆಂದು ಮುಂದಿಡುವುದು ತಪ್ಪು.

ಸಂಸತ್ತಿಗೆ ಆಯ್ಕೆಯಾದರೂ ರಾಜನಿಷ್ಠೆಯ ಪ್ರಮಾಣ ಸ್ವೀಕರಿಸದೆ ಅವರು ಸ್ವಿಟ್ಜರ್ಲೆಂಡಿನ ಲುಗಾನೊ ಬಳಿ ಉಳಿದದ್ದನ್ನು ಮುನಿಸೆಂದು ಓದಬೇಡಿ. ಗಣರಾಜ್ಯವಾದಿಗೆ ಆ ಪ್ರಮಾಣ ಸಲ್ಲದು. ಕೊನೆಗೆ 1865ರ ಆಡಳಿತ ಕಾನೂನನ್ನು ಮೂರೂ ಅಂಕಣಗಳ ಪಕ್ಕಕ್ಕಿಡಿ: ಪ್ರಾಂತಕ್ಕೆ ಸರ್ಕಾರ ಕಳಿಸಿದ ಪ್ರಿಫೆಕ್ಟ್ ಎಂಬ ಅಧಿಕಾರಿ, ಊರಿಗೆ ಅರಸ ನೇಮಿಸಿದ ಮೇಯರ್. ಅವರು ಅನುಮಾನಿಸಿದ್ದು ಇದನ್ನೇ.